ಗೇಲ್ ಸೇಯರ್ಸ್ ಐದನೆಯವನಾ? ಬೇರ್ಸ್ ಓಟಗಾರರ ಪಟ್ಟಿ ನಾನು ಮಾಡಿದ ಬಗೆ

ಚಿಕಾಗೋಗೆ ಬಂದ ಮೊದಲ ಕೆಲವು ವರ್ಷ ನಾನು ಅಮೆರಿಕನ್ ಫುಟ್‌ಬಾಲ್ ಕಡೆ ತಿರುಗಿಯೂ ನೋಡಿರಲಿಲ್ಲ. ಭಾನುವಾರ ಮಧ್ಯಾಹ್ನ ಪಕ್ಕದ ಮನೆಯಿಂದ ಕೂಗಾಟ ಕೇಳಿಸುತ್ತಿತ್ತು, ಅಷ್ಟೇ. 2014ರ ಅಕ್ಟೋಬರ್‌ನಲ್ಲಿ ಅಪ್ಪ ಮಂಡ್ಯದಿಂದ ಆರು ತಿಂಗಳಿಗೆ ಅಂತ ಬಂದರು. ಚಳಿಗೆ ಹೊರಗೆ ಹೋಗೋ ಹಾಗಿರಲಿಲ್ಲ. ಟಿವಿ ಮುಂದೆ ಕೂತರು. ಪ್ರಾಯದಲ್ಲಿ ಊರಿನ ಕಬಡ್ಡಿ ತಂಡದಲ್ಲಿ ಆಡಿದವರು ಅವರು. ಎರಡನೇ ವಾರಕ್ಕೇ ಕೇಳಿದರು: "ಈ ಚೆಂಡು ಅವುಚಿಕೊಂಡು ನುಗ್ಗುತ್ತಾನಲ್ಲ, ಇವನ ಹೆಸರೇನಮ್ಮ?"

ಅವನು ಮ್ಯಾಟ್ ಫೋರ್ಟೆ. ಚಿಕಾಗೋ ಬೇರ್ಸ್ ತಂಡದ ರನ್ನಿಂಗ್ ಬ್ಯಾಕ್. ಆಟ ಗೊತ್ತಿಲ್ಲದವರಿಗೆ ಒಂದು ಮಾತು. ನಾಲ್ಕು ಯತ್ನದೊಳಗೆ ಚೆಂಡನ್ನು 10 ಗಜ ಮುಂದೆ ಒಯ್ಯಬೇಕು, ಇಲ್ಲದಿದ್ದರೆ ಅದು ಎದುರಾಳಿಗೆ ಹೋಗುತ್ತದೆ. ಎಸೆದು ಒಯ್ಯಬಹುದು, ಓಡಿ ಒಯ್ಯಬಹುದು. ಓಡುವ ಕೆಲಸ ಮುಖ್ಯವಾಗಿ ರನ್ನಿಂಗ್ ಬ್ಯಾಕ್‌ನದು. ಎದುರಿಗೆ 11 ಜನ ಇರುತ್ತಾರೆ. ಅವನನ್ನು ಕೆಡವೋದೇ ಅವರ ಕೆಲಸ.

ಆ ಸೀಸನ್‌ನಲ್ಲಿ ಬೇರ್ಸ್ ಸೋತಿದ್ದೇ ಜಾಸ್ತಿ. ಆದರೆ ಫೋರ್ಟೆ ಓಡಿ 1,038 ಗಜ ಗಳಿಸಿದ, ಅದರ ಮೇಲೆ 102 ಸಲ ಚೆಂಡು ಹಿಡಿದ. ರನ್ನಿಂಗ್ ಬ್ಯಾಕ್ ಒಬ್ಬ ಒಂದೇ ಸೀಸನ್‌ನಲ್ಲಿ ಅಷ್ಟು ಹಿಡಿದದ್ದು ಆಗ ಎನ್‌ಎಫ್‌ಎಲ್ ಅನ್ನೋ ಈ ಲೀಗ್‌ನ ದಾಖಲೆ. ಅಪ್ಪ ಕೇಳಿದರು, "ಈ ತಂಡದಲ್ಲಿ ಇವನಿಗಿಂತ ಚೆನ್ನಾಗಿ ಓಡಿದವರು ಯಾರಾದ್ರೂ ಇದ್ರಾ?" ಆ ಪ್ರಶ್ನೆಗೆ ಉತ್ತರ ಹುಡುಕೋದ್ರಲ್ಲೇ ನನ್ನ ಇಡೀ ಚಳಿಗಾಲ ಕಳೆಯಿತು.

ಆಫೀಸಿನಲ್ಲಿ ನನ್ನ ಕೆಲಸವೇ ಎಕ್ಸೆಲ್‌ನಲ್ಲಿ ಲೆಕ್ಕ ನೋಡೋದು. ಹಾಗಾಗಿ ಮೊದಲ ಪಟ್ಟಿ ಅರ್ಧ ಗಂಟೆಯಲ್ಲಿ ಆಯಿತು. ಬೇರ್ಸ್ ಪರ ಯಾರು ಒಟ್ಟು ಎಷ್ಟು ಗಜ ಓಡಿದರು ಅಂತ ಸಾಲಾಗಿ ಜೋಡಿಸಿದೆ. ವಾಲ್ಟರ್ ಪೇಟನ್ 16,726. ಆಮೇಲೆ ಫೋರ್ಟೆ. ಅವನು ಆಗಿನ್ನೂ ಆಡುತ್ತಿದ್ದ, 2015ರ ಸೀಸನ್ ಮುಗಿಸಿ ತಂಡ ಬಿಟ್ಟಾಗ 8,602 ಆಗಿತ್ತು. ಇಲ್ಲಿ ಆ ಪೂರ್ತಿ ಲೆಕ್ಕವನ್ನೇ ಇಟ್ಟುಕೊಳ್ಳುತ್ತೇನೆ. ಮೂರನೆಯವನು ನೀಲ್ ಆಂಡರ್ಸನ್, 6,166. ನಾಲ್ಕನೆಯವನು 1950ರ ದಶಕದ ರಿಕ್ ಕ್ಯಾಸರೆಸ್, 5,657. ಐದನೆಯವನು ಗೇಲ್ ಸೇಯರ್ಸ್, 4,956. ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿದೆ.

ಪಕ್ಕದ ಮನೆಯ ಹಿರಿಯರು ಒಂದು ಸಂಜೆ ಕಾಫಿಗೆ ಬಂದರು. ಫ್ರಿಜ್ ಮುಂದೆ ನಿಂತು ಓದಿದರು. "ಗೇಲ್ ಐದನೆಯವನಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಎಷ್ಟು ಪಂದ್ಯ ಆಡಿದ ಅಂತ ಬರೆದೇ ಇಲ್ವಲ್ಲ" ಅಂದರು.

ಹೌದು, ಬರೆದಿರಲಿಲ್ಲ. ದಿನಾ ಲೆಕ್ಕದ ಕೆಲಸ ಮಾಡುವ ನಾನು ಆ ಒಂದು ಕಾಲಂ ಬಿಟ್ಟಿದ್ದೆ. ಅವತ್ತು ರಾತ್ರಿಯೇ ಸೇರಿಸಿದೆ. ಪೇಟನ್ 190 ಪಂದ್ಯ. ಫೋರ್ಟೆ ಬೇರ್ಸ್ ಪರ 120. ಸೇಯರ್ಸ್ 68. ಬರೀ 68! ಭಾಗಿಸಿದರೆ ಪಂದ್ಯಕ್ಕೆ ಪೇಟನ್ 88 ಗಜ, ಸೇಯರ್ಸ್ 73, ಫೋರ್ಟೆ 72ರ ಹತ್ತಿರ. ಒಂದೊಂದು ಓಟಕ್ಕೆ ಎಷ್ಟು ಅಂತ ನೋಡಿದರೆ ಸೇಯರ್ಸ್ ಎಲ್ಲರನ್ನೂ ದಾಟುತ್ತಾನೆ. ಅವನದು 5 ಗಜ, ಪೇಟನ್‌ದು 4.4. ಐದನೆಯವನು ಎರಡನೇ ಜಾಗಕ್ಕೆ ಬಂದ.

ಆದರೆ ಹಳಬರ ವಿಷಯದಲ್ಲಿ ಈ ಭಾಗಾಕಾರ ಕೆಲಸಕ್ಕೆ ಬರಲಿಲ್ಲ. ಈ ತಂಡ ಹುಟ್ಟಿದ್ದು 1920ರಲ್ಲಿ. ಲೀಗ್ ಅಧಿಕೃತವಾಗಿ ಅಂಕಿ ಅಂಶ ಇಡೋಕೆ ಶುರು ಮಾಡಿದ್ದು 1932ರಲ್ಲಿ. ಅದಕ್ಕೂ ಮುಂಚೆ ಓಡಿದ ಗಜಗಳು ಯಾವ ಕಾಲಂನಲ್ಲೂ ಇಲ್ಲ. ರೆಡ್ ಗ್ರೇಂಜ್ ಅಂಥವನು. ವ್ಹೀಟನ್ ಊರಿನಲ್ಲಿ ಮನೆಮನೆಗೆ ಐಸ್ ಗಡ್ಡೆ ಹೊತ್ತು ಹಾಕುತ್ತಿದ್ದ ಹುಡುಗ, ಇಲಿನಾಯ್ ವಿಶ್ವವಿದ್ಯಾಲಯದ ಪರ ಆಡಿ ದೇಶಕ್ಕೆಲ್ಲ ಹೆಸರಾದ. 1925ರ ಥ್ಯಾಂಕ್ಸ್‌ಗಿವಿಂಗ್ ದಿನ ಬೇರ್ಸ್ ಪರ ಮೊದಲ ಸಲ ಆಡಿದಾಗ ಸುಮಾರು 36,000 ಜನ ಸೇರಿದ್ದರು. ಆ ಪಂದ್ಯದಲ್ಲಿ ಯಾರೂ ಒಂದು ಅಂಕವನ್ನೂ ಗಳಿಸಲಿಲ್ಲ. ಆದರೂ ದುಡ್ಡಿಗಾಗಿ ಆಡುವ ಫುಟ್‌ಬಾಲ್ ನೋಡೋಕೆ ಜನ ಬರ್ತಾರೆ ಅನ್ನೋದು ಅವನಿಂದಲೇ ಎಲ್ಲರಿಗೂ ಗೊತ್ತಾಯಿತು. 1927ರಲ್ಲಿ ಅವನ ಮಂಡಿ ಹೋಯಿತು. ಬೇರ್ಸ್‌ಗೆ ಮತ್ತೆ ಬಂದು 1934ರವರೆಗೆ ಆಡಿದ, ಆದರೆ ಮೊದಲಿನ ಓಟ ಉಳಿದಿರಲಿಲ್ಲ. ಅವನಿಗೆ ನಾನು ನಂಬರ್ ಕೊಡಲಿಲ್ಲ. ಪಟ್ಟಿಯ ಮೇಲ್ಗಡೆ ಬೇರೆಯಾಗಿ ಹೆಸರು ಬರೆದೆ.

ಮಾಡುತ್ತಿದ್ದ ಲೆಕ್ಕವನ್ನೆಲ್ಲ ಅಪ್ಪನಿಗೆ ಓದಿ ಹೇಳುತ್ತಿದ್ದೆ. ಒಂದು ದಿನ ಅವರು ತಡೆದರು. "ಗಜ ಗಜ ಅಂತೀಯಲ್ಲ. ಮುಟ್ಟಿದ ಮೇಲೆ ಎಷ್ಟು ದೂರ ಹೋದ ಅಂತ ನೋಡಮ್ಮ. ಮುಟ್ಟೋ ತನಕ ಯಾರು ಬೇಕಾದ್ರೂ ಓಡ್ತಾರೆ."

ಕಬಡ್ಡಿ ಆಡಿದವರ ಕಣ್ಣು ಅದು. ಕಾಲು ಹಿಡಿದ ಮೇಲೂ ಮಧ್ಯದ ಗೆರೆಗೆ ಕೈ ಚಾಚುವವನೇ ಅವರ ಪಾಲಿಗೆ ಆಟಗಾರ. ನಾನು ಪಟ್ಟಿ ಬದಿಗಿಟ್ಟು ಹಳೆಯ ಪಂದ್ಯಗಳ ವಿಡಿಯೋ ಹುಡುಕಿದೆ. ಒಂದು ನೋಟ್‌ಬುಕ್, ಎರಡು ಪೆನ್ನು. ಯಾರೂ ಮುಟ್ಟುವ ಮುಂಚೆ ಓಡಿದ ದೂರಕ್ಕೆ ನೀಲಿ ಗೆರೆ, ಮುಟ್ಟಿದ ಮೇಲೆ ಓಡಿದ್ದಕ್ಕೆ ಕೆಂಪು ಗೆರೆ. ಮೈದಾನದ ಮೇಲೆ ಐದೈದು ಗಜಕ್ಕೆ ಬಿಳಿ ಪಟ್ಟೆ ಇರುತ್ತದೆ, ಹಾಗಾಗಿ ಅಂದಾಜು ಸಿಗುತ್ತದೆ. ಒಂದು ಓಟವನ್ನು ಮೂರು ನಾಲ್ಕು ಸಲ ಹಿಂದೆ ಹಾಕಿ ನೋಡಬೇಕು. ಮೊದಲ ಸಲ ಓಟಗಾರನನ್ನು ನೋಡಿ. ಎರಡನೇ ಸಲ ಅವನ ಮುಂದೆ ಇರುವವರನ್ನು ನೋಡಿ. ಮೂರನೇ ಸಲ ಕೆಡವೋಕೆ ಬಂದವನ ಹೆಗಲು ಎಲ್ಲಿ ತಗುಲಿತು ಅಂತ ನೋಡಿ. ನೀವೂ ಮಾಡುವುದಾದರೆ ಅವಸರ ಮಾಡಬೇಡಿ. ಒಂದು ಸಂಜೆಗೆ ಒಂದು ಪಂದ್ಯ ಸಾಕು.

ಪೇಟನ್ ಪುಟಗಳು ಕೆಂಪಾಗಿ ಹೋದವು. ಮಿಸಿಸಿಪಿಯ ಕೊಲಂಬಿಯಾ ಅನ್ನೋ ಊರಿನವನು. 1975ರಲ್ಲಿ ಮೊದಲ ಪಂದ್ಯದಲ್ಲಿ 8 ಸಲ ಓಡಿ ಒಂದೂ ಗಜ ಗಳಿಸಲಿಲ್ಲ. ಎರಡು ವರ್ಷದ ಮೇಲೆ, 1977ರ ನವೆಂಬರ್ 20ರಂದು, ಫ್ಲೂ ಜ್ವರ ಇಟ್ಟುಕೊಂಡೇ ಮಿನ್ನೆಸೋಟಾ ವೈಕಿಂಗ್ಸ್ ಮೇಲೆ 40 ಸಲ ಓಡಿ 275 ಗಜ ಗಳಿಸಿದ. ಲೀಗ್‌ನಲ್ಲಿ ಆವರೆಗೆ ಯಾರೂ ಒಂದು ಪಂದ್ಯದಲ್ಲಿ ಅಷ್ಟು ಓಡಿರಲಿಲ್ಲ. ಬೇರ್ಸ್ ಗೆದ್ದದ್ದು 10-7ರಲ್ಲಿ. ಅಂದರೆ ತಂಡದಲ್ಲಿ ಬೇರೆ ಏನೂ ನಡೆಯುತ್ತಿರಲಿಲ್ಲ. ಚೆಂಡು ಇವನ ಕೈಗೇ ಬರುತ್ತದೆ ಅಂತ ಎದುರಾಳಿಗಳಿಗೆ ಗೊತ್ತಿತ್ತು. ಗೊತ್ತಿದ್ದೂ ನಿಲ್ಲಿಸೋಕೆ ಆಗಲಿಲ್ಲ.

ಅವನ ಓಟದಲ್ಲಿ ಒಂದು ವಿಶೇಷ ಇದೆ. ಮೈದಾನದ ಬದಿಯ ಗೆರೆ ಹತ್ತಿರ ಬಂದಾಗ ಎಷ್ಟೋ ಓಟಗಾರರು ಮೆಲ್ಲಗೆ ಹೊರಗೆ ಕಾಲಿಡುತ್ತಾರೆ, ಏಟು ತಪ್ಪುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಪೇಟನ್ ಒಳಗೇ ತಿರುಗುತ್ತಿದ್ದ. ಏಟು ಬೀಳುವ ಮುಂಚೆ ತಾನೇ ಏಟು ಕೊಡುತ್ತಿದ್ದ. ಒಂದು ಕೈ ಚಾಚಿ ಎದುರಿನವನ ಎದೆಗೆ ಒತ್ತಿ, ಕಾಲನ್ನು ಕೋಲಿನ ಹಾಗೆ ನೇರ ಮಾಡಿ ಹಾರಿಸುತ್ತಾ ಎರಡು ಗಜ, ಇನ್ನೂ ಎರಡು ಗಜ. ಅಪ್ಪ ಕುರ್ಚಿಯ ತುದಿಗೆ ಬಂದು ಕೂರುತ್ತಿದ್ದರು. "ಹೋಗ್ತಾ ಇದಾನೆ ನೋಡು, ಇನ್ನೂ ಹೋಗ್ತಾ ಇದಾನೆ!" ಹೀಗೆ ಏಟು ತಿಂದುಕೊಂಡು 13 ಸೀಸನ್ ಆಡಿದ. ತಪ್ಪಿಸಿಕೊಂಡದ್ದು ಒಂದೇ ಪಂದ್ಯ, ಅದೂ ಮೊದಲ ವರ್ಷ. ಇದನ್ನು ಬರೆಯುವಾಗ ಈಗಲೂ ನನಗೆ ಮೈ ಜುಮ್ ಅನ್ನುತ್ತದೆ.

ಆಮೇಲೆ ಸೇಯರ್ಸ್‌ನ ವಿಡಿಯೋ ಹಾಕಿದೆ. 1965ರ ಡಿಸೆಂಬರ್ 12, ರಿಗ್ಲಿ ಫೀಲ್ಡ್. ಆಗ ಬೇರ್ಸ್ ಆಡುತ್ತಿದ್ದದ್ದು ಆ ಬೇಸ್‌ಬಾಲ್ ಮೈದಾನದಲ್ಲಿ. ಮಳೆ ಬಂದು ನೆಲವೆಲ್ಲ ಕೆಸರು ಗದ್ದೆ. ಎಲ್ಲರೂ ಜಾರುತ್ತಿದ್ದಾರೆ. ಈ ಹುಡುಗ ಮಾತ್ರ ಒಣ ನೆಲದ ಮೇಲೆ ಇದ್ದ ಹಾಗೆ ಓಡುತ್ತಿದ್ದಾನೆ. ಅದು ಅವನ ಮೊದಲ ಸೀಸನ್. ಸ್ಯಾನ್‌ಫ್ರಾನ್ಸಿಸ್ಕೋ 49ಅರ್ಸ್ ಮೇಲೆ ಒಂದೇ ದಿನ ಆರು ಟಚ್‌ಡೌನ್, ಅಂದರೆ ಆರು ಸಲ ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದ. ಅದರಲ್ಲಿ ಒಂದು ಪಾಸ್ ಹಿಡಿದು 80 ಗಜ ಓಡಿದ್ದು, ಕೊನೆಯದು ಎದುರಾಳಿ ಒದ್ದ ಚೆಂಡು ಹಿಡಿದು 85 ಗಜ ವಾಪಸ್ ಓಡಿದ್ದು. ಬೇರ್ಸ್ 61, ಎದುರಾಳಿ 20.

ಅಪ್ಪ ಮಾತಾಡಲಿಲ್ಲ. "ಇನ್ನೊಂದ್ಸಲ ಹಾಕು" ಅಂದರು. ಹಾಕಿದೆ. ನಾನು ಕೆಂಪು ಪೆನ್ನು ಹಿಡಿದು ಕೂತಿದ್ದೆ. "ಇವನನ್ನ ಮುಟ್ಟೋಕೇ ಆಗ್ತಿಲ್ವಲ್ಲಮ್ಮ. ಕೆಂಪು ಎಲ್ಲಿಂದ ಹಾಕ್ತೀಯ?" ಅಂದರು.

ಅವರು ಹೇಳಿಕೊಟ್ಟ ಅಳತೆ ಅವರ ಕಣ್ಣೆದುರಿಗೇ ಮುರಿಯಿತು. ಕೆಂಪು ಗೆರೆ ಇಲ್ಲ ಅಂತ ಸೇಯರ್ಸ್‌ಗೆ ಅಂಕ ಕಡಿಮೆ ಮಾಡೋಕೆ ಆಗುತ್ತಾ? ಮುಟ್ಟಿಸಿಕೊಳ್ಳದೇ ಇರೋದೇ ಅವನ ವಿದ್ಯೆ. ಅಪ್ಪನೇ ಹೇಳಿದರು, ಅವರ ತಂಡದಲ್ಲೂ ಎರಡು ಥರದವರು ಇದ್ದರಂತೆ. ಮೈಮೇಲೆ ನಾಲ್ಕು ಜನ ಬಿದ್ದರೂ ಎಳೆದುಕೊಂಡು ಗೆರೆಗೆ ಬರುವವನು ಒಬ್ಬ, ಬೆರಳಿಗೂ ಸಿಗದೆ ಜಾರಿಕೊಂಡು ಬರುವವನು ಇನ್ನೊಬ್ಬ. ಎರಡೂ ಅಂಕವೇ, ಅಲ್ವಾ?

ಸೇಯರ್ಸ್‌ನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಆರು ಟಚ್‌ಡೌನ್ ಅಲ್ಲ, 1969. ಹಿಂದಿನ ವರ್ಷ ನವೆಂಬರ್ 10ರಂದು ಟ್ಯಾಕಲ್ ಒಂದರಲ್ಲಿ ಅವನ ಬಲ ಮಂಡಿಯ ಲಿಗಮೆಂಟುಗಳು ಹರಿದುಹೋಗಿದ್ದವು. ಇವತ್ತಿನ ಹಾಗೆ ಸಣ್ಣ ತೂತು ಕೊರೆದು ಮಾಡುವ ಶಸ್ತ್ರಚಿಕಿತ್ಸೆ ಆಗ ಇರಲಿಲ್ಲ. ಅಂಥ ಪೆಟ್ಟು ಬಿದ್ದರೆ ಆಟ ಮುಗಿಯಿತು ಅಂತಲೇ ಲೆಕ್ಕ. ಅವನ ಜೊತೆ ನಿಂತವನು ಬ್ರಯಾನ್ ಪಿಕೊಲೊ. ತಂಡದಲ್ಲಿ ಅದೇ ಜಾಗಕ್ಕೆ ಪೈಪೋಟಿಗೆ ಇದ್ದವನು, ಹೋಟೆಲ್‌ನಲ್ಲಿ ಅವನ ರೂಮ್‌ಮೇಟ್. ಒಬ್ಬ ಕಪ್ಪು, ಒಬ್ಬ ಬಿಳಿ. ಆ ಕಾಲಕ್ಕೆ ಅದು ಸಣ್ಣ ವಿಷಯ ಅಲ್ಲ. ಸೇಯರ್ಸ್ ಮತ್ತೆ ಬೇಗ ಮೈದಾನಕ್ಕೆ ಬರಲಿ ಅಂತ ಅವನಿಗೆ ಒತ್ತಾಸೆಯಾಗಿ ನಿಂತ.

1969ರಲ್ಲಿ ಬೇರ್ಸ್ 14 ಪಂದ್ಯದಲ್ಲಿ 13 ಸೋತರು. ಅಂಥ ತಂಡದಲ್ಲಿ, ಹೊಲಿದ ಮಂಡಿಯಲ್ಲಿ, ಸೇಯರ್ಸ್ 1,032 ಗಜ ಓಡಿ ಇಡೀ ಲೀಗ್‌ಗೇ ಮೊದಲಿಗನಾದ. ಮೊದಲಿನ ವೇಗ ಇರಲಿಲ್ಲ. ಆಗಿನ ತುಣುಕುಗಳನ್ನು ನೋಡಿದಾಗ ನನ್ನ ನೋಟ್‌ಬುಕ್‌ನಲ್ಲಿ ಅವನ ಪುಟದ ಮೇಲೆ ಮೊದಲ ಸಲ ಕೆಂಪು ಗೆರೆಗಳು ಬಿದ್ದವು. ಜಾರಿಕೊಳ್ಳುತ್ತಿದ್ದವನು ಏಟು ತಿಂದು ಓಡೋದನ್ನು ಕಲಿತಿದ್ದ. ಅದೇ ಸೀಸನ್‌ನಲ್ಲಿ ಪಿಕೊಲೊಗೆ ಕ್ಯಾನ್ಸರ್ ಅಂತ ಗೊತ್ತಾಯಿತು. 1970ರ ಜೂನ್ 16ರಂದು ಅವನು ತೀರಿಕೊಂಡ. 26 ವರ್ಷ. ಆಮೇಲೆ ಸೇಯರ್ಸ್‌ಗೆ ಇನ್ನೊಂದು ಮಂಡಿಯೂ ಕೈಕೊಟ್ಟಿತು. 1971 ಅವನ ಕೊನೆಯ ಸೀಸನ್. ಆದರೂ 1977ರಲ್ಲಿ, 34ನೇ ವಯಸ್ಸಿಗೆ, ಅವನನ್ನು ಹಾಲ್ ಆಫ್ ಫೇಮ್‌ಗೆ, ಅಂದರೆ ಆಟದ ಶ್ರೇಷ್ಠರ ಸಾಲಿಗೆ, ಸೇರಿಸಿದರು. ಅಷ್ಟು ಚಿಕ್ಕ ವಯಸ್ಸಿಗೆ ಅಲ್ಲಿ ಸೇರಿದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. 2020ರಲ್ಲಿ ಅವನು ತೀರಿಕೊಂಡಾಗ ನಾನು ಆ ನೋಟ್‌ಬುಕ್ ತೆಗೆದು ಸುಮ್ನೆ ಆ ಪುಟಗಳನ್ನು ನೋಡುತ್ತಾ ಕೂತೆ.

ನೀಲಿ ಕೆಂಪು ಎರಡರಿಂದಲೂ ತೀರ್ಮಾನ ಆಗಲಿಲ್ಲ. ಮೂರನೇ ಪೆನ್ನು ತಂದೆ, ಹಸಿರು. ಕೈಯಲ್ಲಿ ಚೆಂಡು ಇಲ್ಲದಾಗ ಏನು ಮಾಡುತ್ತಾನೆ ಅನ್ನೋದಕ್ಕೆ. ಈ ಯೋಚನೆ ಬಂದದ್ದು 1934ರ ಒಂದು ಅಂಕಿಯಿಂದ. ಆ ವರ್ಷ ಬೀಟಿ ಫೆದರ್ಸ್ ಅನ್ನೋ ಹೊಸ ಹುಡುಗ ಬೇರ್ಸ್ ಪರ 1,004 ಗಜ ಓಡಿದ. ಒಂದು ಸೀಸನ್‌ನಲ್ಲಿ ಸಾವಿರ ದಾಟಿದವರಲ್ಲಿ ಲೀಗ್‌ಗೇ ಮೊದಲಿಗ. ಒಂದೊಂದು ಓಟಕ್ಕೆ 8.4 ಗಜ! ಆಮೇಲೆ ಮತ್ತೆಂದೂ ಅವನು ಅದರ ಹತ್ತಿರಕ್ಕೂ ಬರಲಿಲ್ಲ. ಕಾರಣ ಹುಡುಕಿದರೆ ಅವನ ಮುಂದೆ ದಾರಿ ಬಿಡಿಸುತ್ತಿದ್ದವನು ಸಿಕ್ಕಿದ: ಬ್ರಾಂಕೋ ನಗುರ್ಸ್ಕಿ. ಮಿನ್ನೆಸೋಟಾದ ಗಡಿ ಊರಿನ ಗಟ್ಟಿ ಆಳು. ತಾನು ಓಡಿದಾಗ ಎದುರಿನವರನ್ನು ಉರುಳಿಸುತ್ತಿದ್ದ, ಬೇರೆಯವರು ಓಡಿದಾಗಲೂ ಉರುಳಿಸುತ್ತಿದ್ದ. ಆ 1,004ರಲ್ಲಿ ಎಷ್ಟು ಅವನದು? ಯಾವ ದಾಖಲೆಯಲ್ಲೂ ಅದಕ್ಕೆ ಕಾಲಂ ಇಲ್ಲ. ನಗುರ್ಸ್ಕಿ ಆಟ ಬಿಟ್ಟು ಆರು ವರ್ಷ ಆದ ಮೇಲೆ, 1943ರಲ್ಲಿ ಯುದ್ಧದಿಂದ ಆಟಗಾರರೇ ಇಲ್ಲದಾದಾಗ ಮತ್ತೆ ಬಂದು ತಂಡದ ಜೊತೆ ಚಾಂಪಿಯನ್‌ಶಿಪ್ ಗೆದ್ದ.

ಹಸಿರು ಪೆನ್ನು ಹಿಡಿದು ಪೇಟನ್‌ನ ಪಂದ್ಯಗಳನ್ನು ಮತ್ತೆ ನೋಡಿದೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಕಡೆ ನುಗ್ಗಿ ಬರುವ ದೊಡ್ಡ ದೊಡ್ಡ ಆಳುಗಳ ಎದೆಗೆ ಹೋಗಿ ಡಿಕ್ಕಿ ಹೊಡೆಯುತ್ತಾನೆ. ಅದಕ್ಕೆ ಅವನಿಗೆ ಒಂದು ಗಜವೂ ಸಿಗಲ್ಲ. 492 ಸಲ ಪಾಸ್ ಹಿಡಿದಿದ್ದಾನೆ. ತಾನೇ ಎಸೆದು 8 ಟಚ್‌ಡೌನ್ ಕೊಟ್ಟಿದ್ದಾನೆ. 1986ರ ಜನವರಿಯಲ್ಲಿ ಬೇರ್ಸ್ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಅನ್ನು 46-10ರಲ್ಲಿ ಗೆದ್ದಾಗ ಅವನಿಗೆ ಒಂದು ಟಚ್‌ಡೌನ್ ಕೂಡ ಸಿಗಲಿಲ್ಲ. ಎದುರಾಳಿಗಳ ಕಣ್ಣೆಲ್ಲ ಅವನ ಮೇಲೇ ಇತ್ತು, ಬೇರೆಯವರಿಗೆ ದಾರಿ ಆಯಿತು. ಇದು ಈಗಲೂ ನನಗೆ ನೋವು ಕೊಡುವ ವಿಷಯ.

ಕೊನೆಗೆ ನನ್ನ ಪಟ್ಟಿ ಹೀಗೆ ನಿಂತಿತು. ಪೇಟನ್, ಸೇಯರ್ಸ್, ನಗುರ್ಸ್ಕಿ, ಫೋರ್ಟೆ, ಕ್ಯಾಸರೆಸ್, ಆಂಡರ್ಸನ್. ಆಂಡರ್ಸನ್‌ನ ಗಜ ಜಾಸ್ತಿ ಇದ್ದರೂ ಕ್ಯಾಸರೆಸ್‌ನನ್ನು ಮೇಲೆ ಇಟ್ಟೆ, ಯಾಕಂದ್ರೆ 1956ರಲ್ಲಿ ಅವನು 12 ಪಂದ್ಯದಲ್ಲೇ 1,126 ಗಜ ಓಡಿ ಲೀಗ್‌ಗೆ ಮೊದಲಿಗನಾಗಿದ್ದ. ಪಕ್ಕದ ಮನೆಯವರು ಹೊಸ ಪಟ್ಟಿ ನೋಡಿದರು. ಸೇಯರ್ಸ್ ಮೊದಲನೆಯವನು ಆಗಬೇಕಿತ್ತು ಅನ್ನೋದು ಅವರ ಮಾತು. ನೂರ ತೊಂಬತ್ತು ಪಂದ್ಯಗಳಲ್ಲಿ ಸುಸ್ತಾಗದ ಪೇಟನ್‌ನನ್ನು ಕೆಳಗೆ ಇಡೋಕೆ ನನಗೆ ಮನಸ್ಸು ಬರಲಿಲ್ಲ.

ಏಪ್ರಿಲ್‌ನಲ್ಲಿ ಅಪ್ಪ ಊರಿಗೆ ಹೊರಡುವ ಮುಂಚೆ ಅವರನ್ನು ಆರ್ಲಿಂಗ್ಟನ್ ಹೈಟ್ಸ್‌ಗೆ ಕರೆದುಕೊಂಡು ಹೋದೆ. ಅಲ್ಲಿ ಹಿಂದೆ ಕಸ ತುಂಬಿದ್ದ ಜಾಗದ ಮೇಲೆ ಒಂದು ಕಡಿದಾದ ಗುಡ್ಡ ಇದೆ. ಈಗ ಅಲ್ಲಿ ಗಾಲ್ಫ್ ಮೈದಾನ. ಸೀಸನ್ ಇಲ್ಲದ ತಿಂಗಳುಗಳಲ್ಲಿ ಪೇಟನ್ ಆ ಗುಡ್ಡವನ್ನು ಮತ್ತೆ ಮತ್ತೆ ಓಡಿ ಹತ್ತುತ್ತಿದ್ದ. ಜೊತೆಗೆ ಓಡೋಕೆ ಬಂದವರು ವಾಂತಿ ಮಾಡಿಕೊಂಡು ಕೂರುತ್ತಿದ್ದರಂತೆ. 1999ರ ನವೆಂಬರ್ 1ರಂದು ಅವನು ಪಿತ್ತನಾಳದ ಕ್ಯಾನ್ಸರ್‌ನಿಂದ ತೀರಿಕೊಂಡ. ಗುಡ್ಡಕ್ಕೆ ಈಗಲೂ ಅವನದೇ ಹೆಸರು.

ಅಪ್ಪನಿಗೆ ಆಗ 68. ಅರ್ಧಕ್ಕೆ ನಿಂತು ಉಸಿರು ತೆಗೆದುಕೊಂಡರು. ತುದಿಗೆ ಬಂದ ಮೇಲೆ ಹಿಂದೆ ತಿರುಗಿ ಕೆಳಗೆ ನೋಡಿದರು. "ಒಂದು ಸಲ ಹತ್ತೋಕೆ ನಾನೂ ಹತ್ತಿದೆ" ಅಂದರು. ಮಫ್ಲರ್ ಬಿಚ್ಚಿ ನನ್ನ ಕೈಗೆ ಕೊಟ್ಟು, ಇನ್ನೊಂದು ಸಲಕ್ಕೆ ಅಂತ ಕೆಳಗೆ ಇಳಿಯೋಕೆ ಶುರು ಮಾಡಿದರು.