ಕೈಯಲ್ಲಿ ಚಿತ್ರ ಬರೆದ ಹಳೆಯ ಇಂಗ್ಲಿಷ್ ತಟ್ಟೆ ಕೊಳ್ಳುವ ಮುನ್ನ

ಮೊದಲು ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿ ಒಂದು ಇಟ್ಟುಕೊಳ್ಳಿ. ಹೂವಿನ ದಳದಲ್ಲಿ ಸಣ್ಣ ಚುಕ್ಕೆಗಳು ಒಂದೇ ಸಮನೆ ಕಂಡರೆ ಅದು ಅಚ್ಚು. ಕುಂಚದ ಎಳೆ, ಬಣ್ಣ ಒಂದು ಕಡೆ ದಪ್ಪ ಒಂದು ಕಡೆ ತೆಳು ಆಗಿ ಹರಿದಿದ್ದರೆ ಕೈಕೆಲಸ. ಆದರೆ ಅಂಚುಗೆರೆಯನ್ನು ಅಚ್ಚೊತ್ತಿ ಒಳಗೆ ಮಾತ್ರ ಕೈಯಿಂದ ಬಣ್ಣ ತುಂಬಿದ ತಟ್ಟೆಗಳೂ ಬೇಕಾದಷ್ಟಿವೆ, ಅವನ್ನೂ ‘ಕೈಚಿತ್ರ’ ಅಂತಲೇ ಮಾರುತ್ತಾರೆ, ಅದಕ್ಕೇ ಗೆರೆಗಳನ್ನು ಬೇರೆಯಾಗಿ ನೋಡಿ.

ಆಮೇಲೆ ತಟ್ಟೆ ತಿರುಗಿಸಿ. ‘ಇಂಗ್ಲೆಂಡ್’ ಎಂಬ ಪದವಿದ್ದರೆ ಸಾಮಾನ್ಯವಾಗಿ 1891ರ ನಂತರದ್ದು, ಯಾಕೆಂದರೆ ಆ ವರ್ಷದಿಂದ ಅಮೆರಿಕಕ್ಕೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಬೇಕಾಯಿತು. ರಾಯಲ್ ವೂಸ್ಟರ್ ಎಂಬ ಇಂಗ್ಲಿಷ್ ಪಿಂಗಾಣಿ ಕಾರ್ಖಾನೆಯ ತಟ್ಟೆ ನನಗೆ ತುಂಬಾ ಇಷ್ಟ, ವರ್ಷ ಕಂಡುಹಿಡಿಯುವುದು ಸುಲಭ ಅಲ್ವಾ! 1892ರಲ್ಲಿ ತಟ್ಟೆಯ ಹಿಂದಿನ ಕಾರ್ಖಾನೆ ಮುದ್ರೆಗೆ ಒಂದು ಚುಕ್ಕೆ ಸೇರಿತು, ಮುಂದೆ ವರ್ಷಕ್ಕೊಂದು. ಎಂಟು ಚುಕ್ಕೆ ಇದ್ದರೆ 1899. ಅದೇ ಕಾರ್ಖಾನೆಯಲ್ಲಿ ಹಣ್ಣು ಬರೆದ ರಿಚರ್ಡ್ ಸೀಬ್ರೈಟ್, ಸ್ಕಾಟ್ಲೆಂಡಿನ ಹೈಲ್ಯಾಂಡ್ ದನಗಳನ್ನು ಬರೆದ ಹ್ಯಾರಿ ಸ್ಟಿಂಟನ್ ಅವರ ಸಹಿ ಇದ್ದರೆ ಬೆಲೆ ಜಾಸ್ತಿ. ಸಹಿ ಇಲ್ಲವೆಂದು ಸುಮ್ನೆ ಬಿಡಬೇಡಿ, ಬೇರೆ ಕಾರ್ಖಾನೆಗಳಾದ ಮಿಂಟನ್, ಡರ್ಬಿ, ಕೋಲ್‌ಪೋರ್ಟ್‌ನ ಸಹಿಯಿಲ್ಲದ ತಟ್ಟೆಗಳಲ್ಲೂ ಅದ್ಭುತ ಕೆಲಸವಿದೆ.

ಬೆರಳಿನಿಂದ ಮೆಲ್ಲಗೆ ತಟ್ಟಿ. ಸದ್ದು ಮಂಕಾಗಿದ್ದರೆ ಬಿರುಕಿರಬಹುದು. ನೇರಳಾತೀತ ಟಾರ್ಚ್ ಹಾಯಿಸಿದರೆ ರಿಪೇರಿ ಮಾಡಿದ ಜಾಗ ಬೇರೆ ಬಣ್ಣದಲ್ಲಿ ಹೊಳೆಯುವುದುಂಟು.

ಡಿಶ್‌ವಾಶರ್‌ಗೆ ಮಾತ್ರ ಹಾಕಲೇಬೇಡಿ, ಚಿನ್ನದ ಅಂಚು ಸವೆದುಹೋಗುತ್ತದೆ. ಒಂದರ ಮೇಲೊಂದು ಇಡುವಾಗ ನಡುವೆ ಮೆತ್ತನೆ ಬಟ್ಟೆ ಇರಲಿ.