ವಾರಂಟಿಯಲ್ಲಿರುವ ಟರ್ಬೊ ಕಾರಿಗೆ ಎಷ್ಟು ದಪ್ಪದ ಎಂಜಿನ್ ಆಯಿಲ್?

"ನಮ್ಮ ಕರಾವಳಿಯ ಸೆಕೆಗೆ 0ಡಬ್ಲ್ಯು-20 ಗ್ರೇಡಿನ ತೆಳು ಆಯಿಲ್ ನೀರಾಗುತ್ತದೆ, ದಪ್ಪದ 40 ಹಾಕಿಸಿ" ಎಂಬ ಸಲಹೆ ಕೇಳದ ಕಾರು ಮಾಲೀಕರು ಮಂಗಳೂರು, ಉಡುಪಿಯಲ್ಲಿ ಕಡಿಮೆ. ಆದರೆ ಎಂಜಿನ್ ತಣಿಸುವ ದ್ರವದ, ಅಂದರೆ ಕೂಲಂಟಿನ ಬಿಸಿಯನ್ನು ಥರ್ಮೋಸ್ಟಾಟ್ ಹದದಲ್ಲಿಡುತ್ತದೆ. ಹೊರಗೆ 24 ಡಿಗ್ರಿ ಇರಲಿ, 35 ಇರಲಿ, ಸಾಮಾನ್ಯ ಓಡಾಟದಲ್ಲಿ ಆಯಿಲ್ 90ರಿಂದ 105 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಅದನ್ನು ನಿಜವಾಗಿ ಕಾಯಿಸುವುದು ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿಗಳನ್ನು ಮೂರನೇ ಗೇರಿನಲ್ಲಿ ಎಳೆದು ಹತ್ತಿಸುವಂಥ ಚಾಲನೆ. ಹಾಗಾಗಿ ಹವಾಮಾನವೊಂದನ್ನೇ ನೋಡಿ ಗ್ರೇಡ್ ಬದಲಿಸಬೇಡಿ.

ಮೊದಲು ಕಾರಿನ ಜೊತೆ ಬಂದ ಮ್ಯಾನ್ಯುವಲ್ ತೆರೆಯಿರಿ. ಎಂಜಿನ್ ಆಯಿಲ್ ಪುಟದಲ್ಲಿ ಸಾಮಾನ್ಯವಾಗಿ ಎರಡು ವಿಷಯ ಇರುತ್ತವೆ: ಗ್ರೇಡ್ ಮತ್ತು ಕಾರು ಕಂಪನಿ ಒಪ್ಪಿದ ಆಯಿಲನ್ನು ಗುರುತಿಸುವ ಅಪ್ರೂವಲ್ ಸಂಖ್ಯೆ. ವಾರಂಟಿ ಮುಗಿಯುವವರೆಗೆ ಹೆಚ್ಚು ತೂಕ ಎರಡನೆಯದಕ್ಕೆ. ಫೋಕ್ಸ್‌ವ್ಯಾಗನ್ 508 00 ಎಂದಿದ್ದರೆ ಅದು 0ಡಬ್ಲ್ಯು-20 ಆಯಿಲ್; ಅಲ್ಲಿ ನಿಮಗೆ ಆಯ್ಕೆಯೇ ಇಲ್ಲ. 502 00 ಎಂದಿದ್ದರೆ 5ಡಬ್ಲ್ಯು-30, 5ಡಬ್ಲ್ಯು-40, 0ಡಬ್ಲ್ಯು-40 ಎಲ್ಲವೂ ಆ ಅಪ್ರೂವಲ್‌ನಲ್ಲಿ ಸಿಗುತ್ತವೆ. ಪೋರ್ಷೆಯ ಎ40 ಅಪ್ರೂವಲ್ ಇದ್ದರೆ ಬಳಕೆಯಲ್ಲಿರುವುದು ಹೆಚ್ಚಾಗಿ 0ಡಬ್ಲ್ಯು-40, 5ಡಬ್ಲ್ಯು-40. ಅದೇ ಎಂಜಿನ್‌ಗೆ ಬೇರೆ ದೇಶದ ಮ್ಯಾನ್ಯುವಲ್ 40 ಗ್ರೇಡನ್ನು ಒಪ್ಪಿದೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಕ್ಲೇಮ್ ಬಂದಾಗ ಸರ್ವಿಸ್ ಸೆಂಟರ್‌ನವರು ತೆರೆಯುವುದು ಭಾರತದ ಪುಸ್ತಕವನ್ನು.

ಡಬ್ಬದ ಹಿಂದಿನ ಅಕ್ಷರಗಳನ್ನು ನಿಧಾನವಾಗಿ ಓದಿ. "ಅಪ್ರೂವ್ಡ್" ಎಂದರೆ ಕಾರು ಕಂಪನಿಯೇ ಆ ಆಯಿಲನ್ನು ಒಪ್ಪಿದೆ. "ಸೂಟಬಲ್ ಫಾರ್", "ರೆಕಮೆಂಡೆಡ್ ಫಾರ್" ಎಂದಿದ್ದರೆ ಅದು ಆಯಿಲ್ ತಯಾರಕರ ಮಾತು ಮಾತ್ರ. ವಾರಂಟಿಯ ಮುಂದೆ ಅದಕ್ಕೆ ಬಲ ಕಡಿಮೆ.

ಈಗ ಗ್ರೇಡಿನ ಅಂಕಿಗಳು. ಡಬ್ಲ್ಯುಗೆ ಮುಂಚಿನ ಸಂಖ್ಯೆ ಕೊರೆಯುವ ಚಳಿಯ ಪರೀಕ್ಷೆಗೆ ಸೇರಿದ್ದು: ಸ್ಟಾರ್ಟಿಂಗ್ ಪರೀಕ್ಷೆ 0ಡಬ್ಲ್ಯುಗೆ ಮೈನಸ್ 35 ಡಿಗ್ರಿಯಲ್ಲಿ, 5ಡಬ್ಲ್ಯುಗೆ ಮೈನಸ್ 30ರಲ್ಲಿ ನಡೆಯುತ್ತದೆ. ನಮ್ಮೂರಲ್ಲಿ ಇವೆರಡರ ನಡುವೆ ಚಳಿಯ ಲೆಕ್ಕದಲ್ಲಿ ವ್ಯತ್ಯಾಸವೇ ಇಲ್ಲ. ಮ್ಯಾನ್ಯುವಲ್ 0ಡಬ್ಲ್ಯು-40, 5ಡಬ್ಲ್ಯು-40 ಎರಡನ್ನೂ ಒಪ್ಪಿದರೆ 5ಡಬ್ಲ್ಯು ತೆಗೆದುಕೊಳ್ಳುವುದು ವಾಸಿ. ಅಂಕಿಗಳ ಅಂತರ ಕಡಿಮೆಯಿದ್ದಷ್ಟೂ ಬಿಸಿಯಲ್ಲೂ ದಪ್ಪ ಉಳಿಯಲೆಂದು ಆಯಿಲಿಗೆ ಸೇರಿಸುವ ಪಾಲಿಮರ್ ಸಾಮಾನ್ಯವಾಗಿ ಕಡಿಮೆ ಸಾಕು, ಅದು ಅರೆದು ತುಂಡಾಗಿ ಆಯಿಲ್ ತೆಳುವಾಗುವುದೂ ಕಡಿಮೆ.

ಎರಡನೆಯ ಸಂಖ್ಯೆ 100 ಡಿಗ್ರಿಯ ದಪ್ಪ. 20 ಗ್ರೇಡ್ ಎಂದರೆ 6.9ರಿಂದ 9.3 ಸೆಂಟಿಸ್ಟೋಕ್ಸ್, 30 ಎಂದರೆ 9.3ರಿಂದ 12.5, 40 ಎಂದರೆ 12.5ರಿಂದ 16.3. ಆದರೆ ಟರ್ಬೊ ಎಂಜಿನ್‌ನ ಬೇರಿಂಗ್ ಕಾಯುವ ಅಂಕಿ ಬೇರೆ: ಎಚ್‌ಟಿಎಚ್‌ಎಸ್. ಇದು 150 ಡಿಗ್ರಿಯಲ್ಲಿ, ಜೋರಾಗಿ ಅರೆಯುವಾಗ ಉಳಿಯುವ ದಪ್ಪ. 20 ಗ್ರೇಡಿಗೆ ಕನಿಷ್ಠ 2.6 ಸೆಂಟಿಪಾಯ್ಸ್, 30ಕ್ಕೆ ಕನಿಷ್ಠ 2.9, 5ಡಬ್ಲ್ಯು-40ಕ್ಕೆ 3.5. ಫೋಕ್ಸ್‌ವ್ಯಾಗನ್ 504 00ರ 5ಡಬ್ಲ್ಯು-30 ಆಯಿಲ್‌ನಲ್ಲೂ ಇದು 3.5ಕ್ಕೆ ಕಡಿಮೆಯಿರದು, ಹಾಗಾಗಿ ಎಲ್ಲ 30 ಗ್ರೇಡುಗಳೂ ಒಂದೇ ಅಲ್ಲ. ಈ ಅಂಕಿ ಡಬ್ಬದ ಮೇಲೆ ಇರುವುದಿಲ್ಲ, ತಯಾರಕರ ಟೆಕ್ನಿಕಲ್ ಡೇಟಾ ಶೀಟ್‌ನಲ್ಲಿ ಹುಡುಕಿ. ಪುಸ್ತಕ ಒಪ್ಪಿದ ಆಯಿಲ್‌ಗಳಲ್ಲಿ ಘಾಟಿ ಓಡಾಟ, ಹೈವೇ ವೇಗ ಹೆಚ್ಚಿದ್ದವರು ಎಚ್‌ಟಿಎಚ್‌ಎಸ್ ಹೆಚ್ಚಿರುವುದನ್ನೇ ಆರಿಸಿ. 100 ಡಿಗ್ರಿಯಲ್ಲಿ 14 ಸೆಂಟಿಸ್ಟೋಕ್ಸ್ ಇರುವ 5ಡಬ್ಲ್ಯು-40 ಕೂಡ 120 ಡಿಗ್ರಿಗೆ ಬರುವಾಗ ಸುಮಾರು 9ಕ್ಕೆ ಇಳಿದಿರುತ್ತದೆ.

ಪುಸ್ತಕ 20 ಮಾತ್ರ ಎಂದಾಗ 40 ಸುರಿದರೆ ಏನಾಗುತ್ತದೆ? ವಾಲ್ವ್ ಟೈಮಿಂಗ್ ಬದಲಿಸುವ ಕ್ಯಾಮ್ ಫೇಸರ್‌ಗಳು ಆಯಿಲ್ ಒತ್ತಡದಿಂದಲೇ ತಿರುಗುವುದು. ದಪ್ಪ ಆಯಿಲ್‌ನಲ್ಲಿ ಅವು ತಡವಾಗಿ ಸ್ಪಂದಿಸಿ ಎರರ್ ಕೋಡ್ ಬರಬಹುದು. ಬೇರಿಂಗ್ ಸಂದಿನಲ್ಲಿ ಹರಿವು ಕಡಿಮೆಯಾಗುತ್ತದೆ, ಮೈಲೇಜ್ ಕೆಳಗಿಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಟರ್ಬೊ ಕೈಕೊಟ್ಟ ದಿನ ಬಿಲ್ಲಿನಲ್ಲಿ ತಪ್ಪು ಗ್ರೇಡ್ ಕಂಡರೆ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ಕಾರಣ ಸಿದ್ಧ.

20 ಗ್ರೇಡಿನವರು ಹೆದರಬೇಕಾದದ್ದು ಆಯಿಲಿಗೆ ಬೆರೆಯುವ ಪೆಟ್ರೋಲಿಗೆ. ಪೆಟ್ರೋಲನ್ನು ನೇರ ಸಿಲಿಂಡರಿಗೇ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ನಲ್ಲಿ ಸುಟ್ಟುಹೋಗದ ಪೆಟ್ರೋಲ್ ಸಿಲಿಂಡರ್ ಗೋಡೆಯಿಂದ ಇಳಿದು ಎಂಜಿನ್ ತಳದ ಆಯಿಲ್ ತೊಟ್ಟಿಯನ್ನು (ಸಂಪ್) ಸೇರುತ್ತದೆ. ಮಣಿಪಾಲದಿಂದ ಉಡುಪಿಗೆ, ಕಂಕನಾಡಿಯಿಂದ ಹಂಪನಕಟ್ಟೆಗೆ ಹೋಗಿ ಬರುವುದರಲ್ಲೇ ದಿನ ಮುಗಿದರೆ ಆಯಿಲ್ ಪೂರ್ತಿ ಕಾಯುವುದಿಲ್ಲ, ಪೆಟ್ರೋಲೂ ನೀರಿನ ಪಸೆಯೂ ಆವಿಯಾಗುವುದಿಲ್ಲ. ಶೇಕಡಾ 5ರಷ್ಟು ಪೆಟ್ರೋಲ್ ಬೆರೆತರೆ 30 ಗ್ರೇಡ್ ಆಯಿಲ್ 20ರ ಮಟ್ಟಕ್ಕೆ ಇಳಿಯಬಹುದು. ಆಯಿಲ್ ಅಳೆಯುವ ಕಡ್ಡಿಯಲ್ಲಿ (ಡಿಪ್‌ಸ್ಟಿಕ್) ಮಟ್ಟ ತಾನಾಗಿ ಏರುವುದು, ಪೆಟ್ರೋಲ್ ವಾಸನೆ ಬರುವುದು ಇದರ ಗುರುತು. ಮಳೆಗಾಲದಲ್ಲಿ ಆಯಿಲ್ ತುಂಬುವ ಕ್ಯಾಪ್ ಕೆಳಗೆ ಬೆಣ್ಣೆಯಂಥ ಪದರ ಕಂಡರೆ ಹೆಚ್ಚಾಗಿ ಅದು ಪಸೆಯೇ. ಆದರೆ ಕೂಲಂಟ್ ಮಟ್ಟವೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ. ವಾರಕ್ಕೊಮ್ಮೆ ಸುರತ್ಕಲ್ ದಾಟಿ ಮುಲ್ಕಿವರೆಗೋ, ಉಡುಪಿಯಿಂದ ಕುಂದಾಪುರಕ್ಕೋ ನಿಲ್ಲಿಸದೆ ಓಡಿಸಿ. ಗ್ರೇಡ್ ಏರಿಸುವುದಕ್ಕಿಂತ ಆಯಿಲ್ ಬೇಗ ಬದಲಿಸುವುದೇ ಸರಿಯಾದ ಮದ್ದು: ಕಂಪನಿ 15,000 ಕಿಲೋಮೀಟರ್ ಎಂದರೂ 7,500ಕ್ಕೆ ಮಾಡಿಸಿ, ಫಿಲ್ಟರ್ ಸಮೇತ. ಡಬ್ಬದ ಮೇಲೆ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ (ಎಪಿಐ) ಎಸ್‌ಪಿ ದರ್ಜೆಯೂ ಇದ್ದರೆ ಒಳ್ಳೆಯದು. ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಎಳೆದಾಗ ಟರ್ಬೊ ಪೆಟ್ರೋಲ್ ಎಂಜಿನ್‌ನಲ್ಲಿ ಪೆಟ್ರೋಲ್ ಅಕಾಲದಲ್ಲಿ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯವನ್ನು ತಗ್ಗಿಸಲು ರೂಪಿಸಿದ ದರ್ಜೆ ಅದು.

ಬದಲಿಸುವಾಗ ಅಧಿಕೃತ ಸರ್ವಿಸ್ ಸೆಂಟರ್‌ಗೇ ಹೋಗಿ. ಬ್ಯಾರೆಲ್‌ನಿಂದ ತುಂಬುವುದಾದರೆ ಅದರ ಅಪ್ರೂವಲ್ ಸಂಖ್ಯೆ ಕೇಳಿ. ನೀವೇ ಆಯಿಲ್ ತರುವುದಾದರೆ ಸರ್ವಿಸ್ ಅಡ್ವೈಸರ್‌ಗೆ ಮೊದಲೇ ಹೇಳಿ, ಸೀಲ್ ನಿಮ್ಮೆದುರೇ ಒಡೆಯಲಿ. ಬ್ರಾಂಡ್, ಗ್ರೇಡ್, ಅಪ್ರೂವಲ್, ಬ್ಯಾಚ್ ನಂಬರ್ ಜಾಬ್ ಕಾರ್ಡ್‌ನಲ್ಲಿ ಬರೆಸಿ, ಬಿಲ್ ಜೊತೆ ಇಡಿ. ಡ್ರೈನ್ ಪ್ಲಗ್‌ನ ವಾಷರ್ ಹೊಸದು ಹಾಕಿಸಿ. ಎಂಜಿನ್ ಫ್ಲಶ್, ಆಡಿಟಿವ್ ಬೇಡ ಎಂದು ಸ್ಪಷ್ಟವಾಗಿ ಹೇಳಿ.

ಮನೆಗೆ ಬಂದ ಮೇಲೆ ಮಟ್ಟ ನೋಡಿ: ಬಿಸಿ ಎಂಜಿನ್, ಸಮತಟ್ಟು ಜಾಗ, ಆಫ್ ಮಾಡಿ ಐದು ನಿಮಿಷ. ಹಲವು ಕಾರುಗಳಲ್ಲಿ ಮಿನ್‌ನಿಂದ ಮ್ಯಾಕ್ಸ್‌ಗೆ ಸುಮಾರು ಒಂದು ಲೀಟರ್. ಮ್ಯಾಕ್ಸ್ ದಾಟಿದರೆ ಕ್ರ್ಯಾಂಕ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ಒತ್ತಡ ಬೀಳುತ್ತದೆ, ಹೆಚ್ಚಿನದನ್ನು ತೆಗೆಸಲೇಬೇಕು. ಘಾಟಿಯಲ್ಲಿ ಆಯಿಲ್ ಮಟ್ಟದ ಹಳದಿ ದೀಪ ಬಂದರೆ ಮಟ್ಟ ನೋಡಿ ಅದೇ ಅಪ್ರೂವಲ್‌ನ ಆಯಿಲ್ ಅರ್ಧ ಲೀಟರ್ ತುಂಬಿ, ಮತ್ತೆ ಅಳೆಯಿರಿ. ಆಯಿಲ್ ಒತ್ತಡದ ಕೆಂಪು ದೀಪ ಬಂದರೆ ಗಾಡಿ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ, ಟೋ ಮಾಡಿಸಿ.