ಕುಸ್ತಿ ಗೊತ್ತಿಲ್ಲದವಳು ಕುಸ್ತಿ ತರಬೇತುದಾರರನ್ನು ಆರಿಸಿದ ಬಗೆ

ನಾನು ಕಬಡ್ಡಿಯವಳು. ಉಡುಪಿಯ ಒಂದು ಪದವಿ ಕಾಲೇಜಿನಲ್ಲಿ 19 ವರ್ಷ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿದ್ದೆ. ಕುಸ್ತಿಯ ಒಂದು ಪಟ್ಟನ್ನೂ ಹಾಕಿದವಳಲ್ಲ. ಆದರೂ ಮೂರು ಸಲ ಕುಸ್ತಿ ತರಬೇತುದಾರರನ್ನು ಹುಡುಕುವ ಕೆಲಸ ನನ್ನ ತಲೆಗೇ ಬಿತ್ತು. ಎರಡು ಸಲ ಎಡವಿದೆ. ಮೂರನೆಯ ಸಲ ಸಿಕ್ಕವರು ನಾನು ನಿವೃತ್ತಳಾದ ಮೇಲೂ ಅಲ್ಲಿಯೇ ಇದ್ದಾರೆ. ಈಗ ಅಕ್ಕಪಕ್ಕದ ಕಾಲೇಜಿನವರು ಆಗಾಗ ಫೋನ್ ಮಾಡಿ, "ಮೇಡಂ, ನಮ್ಮಲ್ಲಿ ಕುಸ್ತಿ ಮಲಗಿಬಿಟ್ಟಿದೆ, ಯಾರದಾದರೂ ಹೆಸರು ಹೇಳಿ" ಎನ್ನುತ್ತಾರೆ. ಹೆಸರು ಹೇಳುವುದೇನು ಕಷ್ಟವಲ್ಲ. ಅದಕ್ಕೆ ಮೊದಲು ಆಗಬೇಕಾದ ಕೆಲಸ ಬೇಕಾದಷ್ಟಿದೆ ಎಂದು ಫೋನಿನಲ್ಲಿ ವಿವರಿಸಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಜಾಹೀರಾತಿಗೆ ಮೊದಲು

ನಮ್ಮ ಸ್ಥಿತಿ ಹೇಗಿತ್ತೆಂದರೆ, ಅಂತರ ಕಾಲೇಜು ಕೂಟಕ್ಕೆ ನಾವು ಕರೆದುಕೊಂಡು ಹೋದದ್ದು ಮೂವರು ಹುಡುಗರನ್ನು. ಅವರಲ್ಲಿ ಒಬ್ಬ ಬೆಳಿಗ್ಗೆ ತೂಕ ನೋಡುವ ಹೊತ್ತಿಗೆ ಕಾಣೆಯಾಗಿದ್ದ. ಪುರುಷರ ಫ್ರೀಸ್ಟೈಲ್‌ನಲ್ಲಿ 57 ಕಿಲೋದಿಂದ 125 ಕಿಲೋವರೆಗೆ ಹತ್ತು ತೂಕಗಳಿವೆ. ಇಬ್ಬರನ್ನು ಇಳಿಸಿದ ತಂಡ ಎಂಟು ತೂಕಗಳನ್ನು ಕಾದಾಡದೆಯೇ ಬಿಟ್ಟುಕೊಟ್ಟಂತೆ. ಮರುದಿನ ಸಂಚಾಲಕರ ಕೋಣೆಯಲ್ಲಿ ಒಂದೇ ಮಾತು: "ತರಬೇತುದಾರರನ್ನು ಬದಲಾಯಿಸಿ."

ಆಗ ನಾನು ಹೂಂ ಎಂದೆ. ಈಗಿನ ಬುದ್ಧಿ ಅಂದು ಇದ್ದಿದ್ದರೆ ಒಂದು ವಾರ ಸಮಯ ಕೇಳುತ್ತಿದ್ದೆ. ಇಬ್ಬರು ತರಬೇತುದಾರರನ್ನು ಕಳೆದುಕೊಂಡ ಮೇಲೆ ಆ ವಾರವನ್ನು ತೆಗೆದುಕೊಂಡೆ. ಹಾಜರಿ ಪುಸ್ತಕ ತೆಗೆದು, ಕುಸ್ತಿ ಬಿಟ್ಟುಹೋದ ಏಳು ಹುಡುಗರಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿದೆ. ಇಬ್ಬರಿಗೆ ಮೈತುಂಬ ಹುಳುಕಡ್ಡಿ ಬಂದಿತ್ತಂತೆ. ಒಬ್ಬನ ತಾಯಿ ಪೈಲ್ವಾನರ ಮುದ್ದೆಯಾದ ಕಿವಿಯನ್ನು ಎಲ್ಲೋ ನೋಡಿ ಹೆದರಿದ್ದರು. ಇನ್ನಿಬ್ಬರು ಹೆಬ್ರಿ ಕಡೆಯವರು. ಅಭ್ಯಾಸ ಐದೂವರೆಗೆ, ಅವರ ಊರಿನ ಮೊದಲ ಬಸ್ಸು ಉಡುಪಿ ತಲುಪುವ ಹೊತ್ತಿಗೆ ಅಭ್ಯಾಸವೇ ಮುಗಿದಿರುತ್ತಿತ್ತು. ಉಳಿದಿಬ್ಬರು ಮಾತ್ರ ತರಬೇತುದಾರರ ಹೆಸರೆತ್ತಿದರು.

ಅಂದರೆ ಏಳರಲ್ಲಿ ಐದು ಕಾರಣಗಳು ನಮ್ಮವೇ. ಹುಳುಕಡ್ಡಿಯ ಮಾತನ್ನೇ ತೆಗೆದುಕೊಳ್ಳಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಬೆವರು ಕುಡಿದ ಮ್ಯಾಟನ್ನು ಸುತ್ತಿ ವೇದಿಕೆಯ ಕೆಳಗೆ ತಳ್ಳಿದರೆ ಬಿಟ್ಟೀತೇ? ಪ್ರತಿದಿನ ಅಭ್ಯಾಸಕ್ಕೆ ಮೊದಲು, ಆಮೇಲೆ ಔಷಧಿ ನೀರಿನಲ್ಲಿ ಮ್ಯಾಟ್ ಒರೆಸಬೇಕು, ಹುಡುಗರು ಮನೆಗೆ ಹೋಗುವ ಮೊದಲೇ ಸ್ನಾನ ಮಾಡಬೇಕು. ನಮ್ಮಲ್ಲಿ ಒರೆಸುವವರೂ ಇರಲಿಲ್ಲ, ಸ್ನಾನದ ನಲ್ಲಿಯಲ್ಲಿ ನೀರೂ ಬರುತ್ತಿರಲಿಲ್ಲ.

ಇನ್ನು ಜಾಗ. ಸ್ಪರ್ಧೆಯ ಮ್ಯಾಟ್ 12 ಮೀಟರ್ ಚೌಕ, ಅದರ ಮೇಲಿನ ವೃತ್ತದ ಅಡ್ಡಳತೆ 9 ಮೀಟರ್. ನಮ್ಮ ಸಭಾಂಗಣದ ಅಗಲ ಅದಕ್ಕಿಂತ ಕಡಿಮೆ, ಆದ್ದರಿಂದ ಮ್ಯಾಟಿನ ಅಂಚು ಮಡಚಿಕೊಂಡು ಗೋಡೆಗೆ ಒರಗಿತ್ತು. ಗೋಡೆ ಒರಟು ಕೆಂಪು ಮುರಕಲ್ಲಿನದು. ಯಾವ ಬುದ್ಧಿವಂತ ತರಬೇತುದಾರ ಬಂದರೂ ಮೊದಲು ನೋಡುವುದು ಆ ಗೋಡೆಯನ್ನು. ಅದಕ್ಕೆ ದಪ್ಪ ಫೋಮ್ ಹೊಡೆಸದೆ ಸಂದರ್ಶನಕ್ಕೆ ಕರೆದರೆ, ಒಳ್ಳೆಯವರು ಗೋಡೆ ನೋಡಿ ವಾಪಸಾಗುತ್ತಾರೆ, ಗತಿಯಿಲ್ಲದವರು ಉಳಿಯುತ್ತಾರೆ.

ಎಲ್ಲಿ ಹುಡುಕುವುದು

ನಮ್ಮ ಕಡೆ ಗರಡಿ ಎಂದರೆ ಕೈಮುಗಿಯುವ ಜಾಗ. ತುಳುನಾಡಿನ ಅವಳಿ ವೀರರಾದ ಕೋಟಿ ಚೆನ್ನಯರು ಸಾಮು ಮಾಡಿದ ಹೆಸರು ಉಳಿದಿದೆ, ಸಾಮು ಉಳಿದಿಲ್ಲ. ದಾವಣಗೆರೆಯಿಂದ ನಮ್ಮ ಸಂದರ್ಶನಕ್ಕೆ ಬಂದವರು ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಆಟೋದವರಿಗೆ "ಗರಡಿಗೆ ಬಿಡಿ" ಎಂದರಂತೆ. ಆಟೋದವರು ಭಕ್ತಿಯಿಂದ ಆ ವೀರರನ್ನು ಪೂಜಿಸುವ ಬೈದರ್ಕಳ ಗರಡಿಯ ಮುಂದೆ ಇಳಿಸಿ ಹೋದರು. ಇವರು ಬ್ಯಾಗ್ ಹೆಗಲಿಗೇರಿಸಿಕೊಂಡು, ಬಂದದ್ದಕ್ಕೆ ಒಂದು ನಮಸ್ಕಾರ ಹಾಕಿ, ನನಗೆ ಫೋನ್ ಮಾಡಿದರು.

ಹಾಗಾಗಿ ತರಬೇತುದಾರರು ಹೊರಗಿನಿಂದಲೇ ಬರಬೇಕಾಗುತ್ತದೆ ಎಂದು ಮೊದಲೇ ಒಪ್ಪಿಕೊಳ್ಳಿ. ದಾವಣಗೆರೆ, ಧಾರವಾಡ, ಬೆಳಗಾವಿ, ಬಾಗಲಕೋಟೆ, ಮೈಸೂರು ಇವು ಕುಸ್ತಿಯ ಊರುಗಳು. ಆದರೆ ಹುಡುಗರು ನಮ್ಮಲ್ಲಿಯೇ ಇದ್ದಾರೆ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ವೇಟ್‌ಲಿಫ್ಟಿಂಗ್‌ನ 56 ಕಿಲೋ ವಿಭಾಗದ ಬೆಳ್ಳಿಯನ್ನೂ, 2022ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕಿಲೋದ ಕಂಚನ್ನೂ ತಂದರು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಪದಕ ಗೆದ್ದದ್ದನ್ನು ನೋಡಿ ಅವರು ಮೊದಲು ಆಸೆಪಟ್ಟದ್ದು ಕುಸ್ತಿಗೆ. ಉಜಿರೆಯಲ್ಲಿ ಓದುವಾಗ ಅವರ ಮೈಕಟ್ಟನ್ನು ಗುರುತಿಸಿದ ತರಬೇತುದಾರರು ಭಾರ ಎತ್ತುವುದಕ್ಕೆ ಹಚ್ಚಿದರು. ಅದೇ ಕಣ್ಣಿನ ಒಬ್ಬರು ಮ್ಯಾಟಿನ ಪಕ್ಕದಲ್ಲಿದ್ದರೆ ಏನಾಗುತ್ತಿತ್ತೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ವೇಟ್‌ಲಿಫ್ಟಿಂಗಿನವರು ನನ್ನನ್ನು ಕ್ಷಮಿಸಲಿ.

ಪತ್ರಿಕೆಯ ಜಾಹೀರಾತಿಗೆ ಅರ್ಜಿಗಳು ಬರುತ್ತವೆ. ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ (ಎನ್‌ಐಎಸ್) 1961ರಿಂದ ತರಬೇತುದಾರರನ್ನು ತಯಾರು ಮಾಡುತ್ತಿದೆ. ಅಲ್ಲಿನ ಒಂದು ವರ್ಷದ ಡಿಪ್ಲೊಮಾ ಇದ್ದರೆ ಒಳ್ಳೆಯದೇ, ಕೆಲವು ವಾರಗಳ ಪ್ರಮಾಣಪತ್ರವನ್ನು ಅದೇ ತೂಕದಲ್ಲಿ ನೋಡಬೇಡಿ. ಆದರೆ ಕಾಗದಕ್ಕಿಂತ ಹೆಚ್ಚು ನನಗೆ ತಿಳಿದದ್ದು ರಾಜ್ಯ ಮಟ್ಟದ ಕೂಟವೊಂದರಲ್ಲಿ ಎರಡು ದಿನ ಮೂಲೆಯಲ್ಲಿ ಕುಳಿತಾಗ. ಒಂದು ಕುಸ್ತಿ ಎಂದರೆ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಆ 30 ಸೆಕೆಂಡಿನಲ್ಲಿ ಯಾರು ಏನು ಹೇಳುತ್ತಾರೆ ಎಂದು ಕಿವಿಗೊಡಿ. ಹೆಚ್ಚಿನವರು ಐದು ವಿಷಯ ಕಿರುಚುತ್ತಾರೆ, ಹುಡುಗನ ಕಿವಿಗೆ ಒಂದೂ ಹೋಗುವುದಿಲ್ಲ. ಒಬ್ಬರು ಮಾತ್ರ ಟವೆಲಿನಿಂದ ಮುಖ ಒರೆಸಿ, "ಅವನ ಬಲಗೈ ಮಾತ್ರ ನೋಡು" ಎಂದು ಸುಮ್ಮನಾದರು. ಆ ಹುಡುಗ ಸೋತ. ಸೋತವನ ಹೆಗಲ ಮೇಲೆ ಕೈಹಾಕಿ, ಬೂಟಿನ ಲೇಸು ತಾವೇ ಬಿಚ್ಚಿ, ಕ್ಯಾಂಟೀನಿಗೆ ಕರೆದುಕೊಂಡು ಹೋದರು. ನಾನು ಹಿಂದಿನಿಂದಲೇ ಹೋಗಿ ಫೋನ್ ನಂಬರ್ ಕೇಳಿದೆ.

ನನ್ನ ಎರಡು ತಪ್ಪುಗಳು

ಮೊದಲನೆಯವರು ಕೆಮ್ಮಣ್ಣಿನ ಅಖಾಡದಲ್ಲಿ ದೊಡ್ಡ ಹೆಸರು ಮಾಡಿದವರು. ಅವರ ಫೋಟೋಗಳನ್ನು ನೋಡಿಯೇ ಸಮಿತಿ ಮರುಳಾಯಿತು, ನಾನೂ ಆದೆ. ಮಣ್ಣಿನ ಕುಸ್ತಿಯಲ್ಲಿ ಎದುರಾಳಿಯನ್ನು ಚಿತ್ ಮಾಡಿದರೆ ಗೆಲುವು. ಮ್ಯಾಟಿನಲ್ಲಿ ಅದರ ಜೊತೆಗೆ ಅಂಕಗಳ ಲೆಕ್ಕವೂ ಇದೆ: ಹಿಡಿದು ಕೆಡವಿ ಹಿಂದೆ ಬಂದರೆ 2, ಎದುರಾಳಿಯ ಬೆನ್ನನ್ನು ಮ್ಯಾಟಿನ ಕಡೆಗೆ ತಿರುಗಿಸಿದರೆ 2, ವೃತ್ತದಿಂದ ಹೊರಗೆ ತಳ್ಳಿದರೆ 1. ನಮ್ಮ ಹುಡುಗರು ಬೆಟ್ಟದಂತೆ ನಿಲ್ಲುವುದನ್ನು ಕಲಿತರು, ವೃತ್ತದ ಗೆರೆಯ ಅರಿವು ಮಾತ್ರ ಬರಲಿಲ್ಲ. ಒಬ್ಬನನ್ನಂತೂ ಎದುರಾಳಿ ಐದು ಸಲ ಗೆರೆಯಾಚೆಗೆ ತಳ್ಳಿ, ಒಂದು ಪಟ್ಟೂ ಹಾಕದೆ ಐದು ಅಂಕದಿಂದ ಗೆದ್ದ. ಮೇಲಾಗಿ ಈ ಉಸ್ತಾದರು ಏನನ್ನು ಕಲಿಸುವುದಿದ್ದರೂ ತಾವೇ ಮಾಡಿ ತೋರಿಸುತ್ತಿದ್ದರು. ಅದ್ಭುತವಾಗಿ ತೋರಿಸುತ್ತಿದ್ದರು. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ನಾಲ್ಕೇ ತಿಂಗಳಿಗೆ ಅವರಿಗೂ ಬೇಸರವಾಯಿತು, ನಮಗೂ.

ಎರಡನೆಯವರನ್ನು ಆರಿಸಿದ್ದು "ಶಿಸ್ತು" ಎಂಬ ಒಂದೇ ಶಬ್ದಕ್ಕೆ. ಕೂಟಕ್ಕೆ ಮೂರು ದಿನ ಇರುವಾಗ 61 ಕಿಲೋದ ಹುಡುಗನನ್ನು 57ಕ್ಕೆ ಇಳಿಸಲು ನೀರು ಬಿಡಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಪ್ಲಾಸ್ಟಿಕ್ ಜಾಕೆಟ್ ತೊಡಿಸಿ ಓಡಿಸಿದರು. ಹುಡುಗ ಮೈದಾನದಲ್ಲಿಯೇ ಬಿದ್ದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರುತ್ತಿರುವಾಗ ಅವನ ಅಪ್ಪನ ಎದುರು ನಿಂತದ್ದು ತರಬೇತುದಾರರಲ್ಲ, ನಾನು. ಅಂದಿನಿಂದ ನನ್ನ ಸಂದರ್ಶನದ ಮೊದಲ ಪ್ರಶ್ನೆ ತೂಕದ್ದೇ. 2024ರ ಪ್ಯಾರಿಸ್ ಒಲಿಂಪಿಕ್ಸ್ ಆದ ಮೇಲೆ ಈ ಪ್ರಶ್ನೆಗೆ ಉದಾಹರಣೆ ಹುಡುಕಬೇಕಿಲ್ಲ. ವಿನೇಶ್ ಫೋಗಟ್ ಫೈನಲ್ ದಿನ ಬೆಳಿಗ್ಗೆ 100 ಗ್ರಾಂ ಹೆಚ್ಚು ತೂಗಿ ಅನರ್ಹರಾದರು, ಅಮನ್ ಸೆಹ್ರಾವತ್ ರಾತ್ರಿಯಿಡೀ ಬೆವರು ಹರಿಸಿ 4.6 ಕಿಲೋ ಇಳಿಸಿ ಕಂಚು ಗೆದ್ದರು. ಅಭ್ಯರ್ಥಿಗೆ ಈ ಎರಡನ್ನೂ ಹೇಳಿ, "ನಮ್ಮ 18ರ ಹುಡುಗನಿಗೆ ನೀವು ಏನು ಮಾಡುತ್ತೀರಿ?" ಎಂದು ಕೇಳಿ. "ನಾನೂ ಇಳಿಸುತ್ತೇನೆ" ಎಂದು ಎದೆತಟ್ಟಿದವರಿಗೆ ಚಹಾ ಕೊಟ್ಟು ಕಳುಹಿಸಿ. "ಅವನು ಯಾವ ತೂಕದವನು ಎಂದು ಜೂನ್ ತಿಂಗಳಲ್ಲಿಯೇ ತೀರ್ಮಾನಿಸಬೇಕಿತ್ತಲ್ಲ" ಎಂದವರನ್ನು ಕೂರಿಸಿಕೊಳ್ಳಿ.

ಸಂದರ್ಶನ ಮ್ಯಾಟಿನ ಮೇಲೆ ನಡೆಯಲಿ

ಸಮಿತಿಯ ಮೇಜಿನ ಮುಂದೆ ಎಲ್ಲರೂ ಚೆನ್ನಾಗಿಯೇ ಮಾತನಾಡುತ್ತಾರೆ. ಅಲ್ಲಿ ಹತ್ತು ನಿಮಿಷ ಸಾಕು. ಆಮೇಲೆ ನಿಮ್ಮಲ್ಲಿರುವ ಅತ್ಯಂತ ದುರ್ಬಲ ಹುಡುಗನನ್ನು ಅವರ ಕೈಗೆ ಕೊಟ್ಟು ಒಂದು ಗಂಟೆ ಬಿಡಿ. ಚೆನ್ನಾಗಿ ಆಡುವವನನ್ನು ಕೊಟ್ಟರೆ ನಿಮಗೆ ಏನೂ ತಿಳಿಯುವುದಿಲ್ಲ, ಅವನು ಯಾರ ಕೈಯಲ್ಲಿಯೂ ಹೊಳೆಯುತ್ತಾನೆ.

ನಾವು ಕೊಟ್ಟದ್ದು ಬಿ.ಕಾಂ. ಮೊದಲ ವರ್ಷದ ಒಬ್ಬನನ್ನು. ಬಿದ್ದರೆ ಕಣ್ಣು ಮುಚ್ಚಿಕೊಳ್ಳುವ ಸ್ವಭಾವ ಅವನದು. ಒಬ್ಬ ಅಭ್ಯರ್ಥಿ ಅವನ ಮೇಲೆಯೇ ಆರು ಪಟ್ಟು ಹಾಕಿ ತೋರಿಸಿದರು. ಇನ್ನೊಬ್ಬರು ನೂರು ಬಸ್ಕಿ ಹೊಡೆಸಿದರು. ದಾವಣಗೆರೆಯವರು ಹೆಸರು ಕೇಳಿದರು, ಊರು ಕೇಳಿದರು, ಇಪ್ಪತ್ತು ನಿಮಿಷ ಅವನನ್ನು ಮುಟ್ಟಲೇ ಇಲ್ಲ, ಬರೀ ಕಾಲು ನೋಡುತ್ತಿದ್ದರು. ಆಮೇಲೆ ಬೀಳುವುದನ್ನು ಕಲಿಸಿದರು. ಗದ್ದ ಎದೆಗೆ ಒತ್ತಿ, ಕೈ ಚಾಚದೆ, ಬೆನ್ನು ದುಂಡು ಮಾಡಿ. ಗಂಟೆ ಮುಗಿಯುವಷ್ಟರಲ್ಲಿ ಹುಡುಗ ಕಣ್ಣು ಬಿಟ್ಟುಕೊಂಡು ಬೀಳುತ್ತಿದ್ದ. ಒಂದು ಪಟ್ಟನ್ನೂ ಕಲಿಸಲಿಲ್ಲವಲ್ಲ ಎಂದು ಸಂಚಾಲಕರು ನನ್ನ ಕಿವಿಯಲ್ಲಿ ಹೇಳಿದರು. ಅದಕ್ಕೇ ಇವರು ಬೇಕು ಎಂದೆ.

ಅವರು ನಮಗೆ ಕೇಳಿದ ಪ್ರಶ್ನೆಗಳನ್ನೂ ಬರೆದಿಟ್ಟುಕೊಂಡಿದ್ದೇನೆ. ಸಭಾಂಗಣದ ಕೀಲಿಕೈ ಯಾರ ಬಳಿ ಇರುತ್ತದೆ? ವಾರ್ಷಿಕೋತ್ಸವದ ತಿಂಗಳಲ್ಲಿ ಮ್ಯಾಟ್ ಎಲ್ಲಿ ಹಾಸುವುದು? ಹುಡುಗರು ಬೆಳಿಗ್ಗೆ ಏನು ತಿಂದು ಬರುತ್ತಾರೆ? ಸಂಬಳದ ಪ್ರಶ್ನೆ ನಾಲ್ಕನೆಯದು. ಏನನ್ನೂ ಕೇಳದೆ "ಎಲ್ಲಾ ಸರಿ ಸರ್" ಎನ್ನುವ ಅಭ್ಯರ್ಥಿಯನ್ನು ನಾನು ನಂಬುವುದಿಲ್ಲ.

ಹುಡುಗಿಯರ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. 2023ರಲ್ಲಿ ದೇಶದ ಹೆಸರಾಂತ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಬೀದಿಯಲ್ಲಿ ಕುಳಿತದ್ದು ಲೈಂಗಿಕ ಕಿರುಕುಳದ ದೂರಿಗಾಗಿ ಎಂದು ನಮ್ಮ ಊರಿನ ತಾಯಂದಿರಿಗೂ ಗೊತ್ತು. ಹಿಂದೆ ಕೆಲಸ ಮಾಡಿದ ಕಡೆಗೆ ಪತ್ರ ಬರೆದರೆ ಹೊಗಳಿಕೆಯ ಪತ್ರವೇ ಬರುತ್ತದೆ, ಆದ್ದರಿಂದ ಫೋನ್ ಮಾಡಿ. ಅಭ್ಯರ್ಥಿಗಳು ತಾವಾಗಿ ಹೆಸರು ಕೊಟ್ಟವರಿಗಲ್ಲ, ಅವರ ಕೈಕೆಳಗೆ ಕಲಿತು ಬಿಟ್ಟುಹೋದ ಹುಡುಗಿಯರಿಗೆ. ಪೊಲೀಸ್ ಪರಿಶೀಲನೆ ಮಾಡಿಸಿ. ಅಭ್ಯಾಸದಲ್ಲಿ, ಪ್ರಯಾಣದಲ್ಲಿ ಮಹಿಳಾ ಸಿಬ್ಬಂದಿ ಇರಲೇಬೇಕು. ಕಾಲೇಜಿನ ಆಂತರಿಕ ದೂರು ಸಮಿತಿಯವರನ್ನು ಮೊದಲ ದಿನವೇ ಪರಿಚಯಿಸಿ. ಮೊದಲ ವರ್ಷದವರಲ್ಲಿ 18 ತುಂಬದವರು ಇರುತ್ತಾರೆ, ಅವರಿಗೆ ಪೋಕ್ಸೊ ಕಾಯಿದೆ ಅನ್ವಯಿಸುತ್ತದೆ ಎಂಬುದನ್ನು ನೇಮಕದ ಪತ್ರದಲ್ಲಿಯೇ ಬರೆಯಿರಿ. ಇದರಿಂದ ಮುಖ ಗಂಟಿಕ್ಕಿಕೊಂಡವರು ನಮಗೆ ಬೇಕಾದವರಲ್ಲ.

ಬಂದವರು ಉಳಿಯಬೇಕಲ್ಲ

ಜೂನ್‌ನಿಂದ ಮಾರ್ಚ್‌ವರೆಗೆ ಹತ್ತು ತಿಂಗಳ ತಾತ್ಕಾಲಿಕ ನೇಮಕ ಮಾಡಿ, ಎರಡು ತಿಂಗಳು ಸಂಬಳವಿಲ್ಲದೆ ಊರಿಗೆ ಕಳುಹಿಸಿದರೆ ಅವರು ಊರಿನಲ್ಲಿಯೇ ಬೇರೆ ಕೆಲಸ ನೋಡಿಕೊಳ್ಳುತ್ತಾರೆ. ಹನ್ನೆರಡು ತಿಂಗಳ ಸಂಬಳ, ಮೂರು ವರ್ಷದ ಕರಾರು. ಇದಕ್ಕಾಗಿ ನಾನು ಸಂಚಾಲಕರೊಂದಿಗೆ ಒಂದು ತಿಂಗಳು ಜಗಳವಾಡಿದೆ. ಕೊನೆಗೆ ಹೊಸ ಮ್ಯಾಟಿನ ಬೇಡಿಕೆ ಬಿಟ್ಟುಕೊಟ್ಟು ಕರಾರು ಗಿಟ್ಟಿಸಿದೆ. ಹಳೆಯ ಮ್ಯಾಟಿಗೆ ತೇಪೆ ಹಾಕಬಹುದು.

ಊಟದ ಸಂಗತಿಯನ್ನು ಹಗುರವಾಗಿ ಕಾಣಬೇಡಿ. ಕುಚಲಕ್ಕಿ ಗಂಜಿಯನ್ನು ನೋಡಿ ದಾವಣಗೆರೆಯವರು ಮೊದಲ ವಾರ ಮೌನವಾಗಿದ್ದರು. ಜೋಳದ ರೊಟ್ಟಿ ಮಾಡಿಕೊಡುವ ಮನೆಯೊಂದನ್ನು ಮಣಿಪಾಲದ ರಸ್ತೆಯಲ್ಲಿ ಹುಡುಕಿಕೊಟ್ಟೆವು. ಹುಡುಗರು ತಮ್ಮೊಳಗೆ ತುಳುವಿನಲ್ಲಿ ಮಾತನಾಡಿದರೆ ತಮ್ಮನ್ನೇ ಆಡಿಕೊಳ್ಳುತ್ತಿದ್ದಾರೆಂದು ಅವರಿಗೆ ಅನುಮಾನ. ಕೆಲವೊಮ್ಮೆ ಅದು ನಿಜವೂ ಆಗಿತ್ತು. ಈಗ ಅವರೇ ತುಳುವಿನಲ್ಲಿ ಬೈಯುತ್ತಾರೆ.

ಮೊದಲ ವರ್ಷ ಪದಕ ಕೇಳಬೇಡಿ. ನವೆಂಬರ್ ತಿಂಗಳಲ್ಲಿ ಮ್ಯಾಟಿನ ಮೇಲೆ ಎಷ್ಟು ಜನ ಇದ್ದಾರೆ ಎಂದು ಮಾತ್ರ ಎಣಿಸಿ. ಅವರು ಅಭ್ಯಾಸವನ್ನು ಸಂಜೆಗೆ ಬದಲಾಯಿಸಿದರು, ಹೆಬ್ರಿಯ ಹುಡುಗರು ವಾಪಸು ಬಂದರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆಂದು ತಿಳಿದದ್ದೇ ತಡ, ಮಲ್ಪೆಗೆ ಹೋಗಿ, ಬಲೆ ಎಳೆದು ಕೈ ಗಟ್ಟಿಯಾದ ಮನೆಗಳ ಹುಡುಗರನ್ನು ಮಾತನಾಡಿಸಿದರು. ಅವರ ಕೈಗೆ ಸಿಕ್ಕ ಮಣಿಕಟ್ಟು ಬಿಡಿಸಿಕೊಳ್ಳುವುದು ಸುಲಭವಲ್ಲ. ಆ ವರ್ಷ ತೂಕಕ್ಕೆ ನಿಂತವರು ಒಂಬತ್ತು ಜನ. ಒಂದು ಕಂಚು ಬಂತು. ಅದನ್ನು ಗೆದ್ದವನು ನನ್ನ ಕಬಡ್ಡಿ ತಂಡದ ಎಡ ಕಾರ್ನರ್. ರೈಡರ್‌ನ ಕಾಲು ಹಿಡಿಯುವುದಕ್ಕೂ ಕುಸ್ತಿಯಲ್ಲಿ ಒಂಟಿಗಾಲು ಹಿಡಿಯುವುದಕ್ಕೂ ಹೆಚ್ಚು ಅಂತರವಿಲ್ಲವೆಂದು ಹೇಳಿ ನನ್ನ ಕಣ್ಣೆದುರೇ ಅವನನ್ನು ಎತ್ತಿಕೊಂಡು ಹೋಗಿದ್ದರು.

ನಿವೃತ್ತಿಯ ಮೇಲೆ ನಾನು ಮನೆಯ ಹತ್ತಿರ ಸಂಜೆ ಮಕ್ಕಳಿಗೆ ಕಬಡ್ಡಿ ಹೇಳಿಕೊಡುತ್ತೇನೆ. ಮೊನ್ನೆ ಅವರು ಈ ದಾರಿಯಲ್ಲಿ ಬಂದವರು ಅಂಗಳದ ಅಂಚಿನಲ್ಲಿ ಅರ್ಧ ಗಂಟೆ ನಿಂತರು. ಹೋಗುವಾಗ, "ಮೇಡಂ, ಆ ನೀಲಿ ಬನಿಯನ್ನಿನ ಹುಡುಗನ ತೂಕ ಎಷ್ಟಿರಬಹುದು?" ಎಂದು ಕೇಳಿದರು. ಅವನು ಇನ್ನೂ ಒಂಬತ್ತನೆಯ ತರಗತಿ, ನನ್ನ ಒಳ್ಳೆಯ ಕಾರ್ನರ್, ಕೊಡುವುದಿಲ್ಲ ಎಂದಿದ್ದೇನೆ.